ಮಹಡಿಯ ಮೇಲಿನ ಸವತಿಯರು

ಕಳೆದ ತಿಂಗಳು ಒಂಬತ್ತನೇ ತರಗತಿಯ ಮಕ್ಕಳನ್ನು ತೊಣ್ಣೂರಿಗೆ ಕರೆದುಕೊಂಡು ಹೋಗಿದ್ದೆವು. ಕೆರೆ ನೋಡಿ, ಬುತ್ತಿ ಉಂಡು, ಬಿಸಿಲು ಏರಿತೆಂದು ಹಳೆಯ ಮಂಟಪವೊಂದರ ನೆರಳಿಗೆ ಹೋದರೆ ಆ ವಾಸನೆ ಮೂಗಿಗೆ ಬಡಿಯಿತು. ಒಣಗಿದ ಪಾರಿವಾಳದ ಹಿಕ್ಕೆ, ಉದುರಿದ ಗರಿ, ಮುಗ್ಗಲು. ನನ್ನ ಕೈ ತಾನಾಗಿ ಸೆರಗನ್ನು ಮೂಗಿಗೆ ಒತ್ತಿತು. ಎಲ್ಲರೂ ಆಚೆ ನಡೀರಿ ಎಂದು ಗದರಿ ಮಕ್ಕಳನ್ನು ಮತ್ತೆ ಬಿಸಿಲಿಗೆ ಅಟ್ಟಿದೆ. ಜೊತೆಗಿದ್ದ ಪಿ.ಟಿ. ಮೇಷ್ಟ್ರಿಗೆ ನಗು. "ಏನ್ ಮೇಡಂ, ಪಾರಿವಾಳ ಕಂಡ್ರೆ ಹಾವು ಕಂಡಂಗೆ ಆಡ್ತೀರಲ್ಲ" ಎಂದರು. ಹಾವಿನ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ, ಪಾರಿವಾಳದ ಮೇಲೆ ಇದೆ ಎಂದು ಅವರಿಗೆ ಹೇಗೆ ಹೇಳುವುದು?

ನಮ್ಮ ಮನೆ ಇರುವುದು ಪಾಂಡವಪುರದಲ್ಲಿ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ನಮ್ಮ ಯಜಮಾನರು ಪುಟ್ಟರಾಜು, ಪಂಪ್‌ಸೆಟ್ಟಿನ ಸುಟ್ಟ ಮೋಟಾರುಗಳಿಗೆ ತಂತಿ ಸುತ್ತುವವರು. ಸುತ್ತಮುತ್ತಲ ಹಳ್ಳಿಯ ರೈತರು ಮೋಟಾರು ಸುಟ್ಟರೆ ಅವರ ಅಂಗಡಿಗೇ ಹೊತ್ತು ತರುತ್ತಿದ್ದರು. ಕೂದಲಿನಂಥ ತಾಮ್ರದ ತಂತಿಯನ್ನು ಎಳೆ ತಪ್ಪದಂತೆ ಸುತ್ತುವ ಕೈ ಅದು, ಅಷ್ಟು ಒಳ್ಳೆಯ ಕಣ್ಣು. ಆ ಕೈಯನ್ನೂ ಕಣ್ಣನ್ನೂ ನಂಬಿಯೇ ನಮ್ಮಪ್ಪ ನನ್ನನ್ನು ಕೊಟ್ಟಿದ್ದು. ಮಹಡಿಯ ಮೇಲೆ ಮೊದಲೇ ಸಂಸಾರವೊಂದು ಇದೆ ಎಂದು ಯಾರೂ ಹೇಳಿರಲಿಲ್ಲ.

ನಮ್ಮ ಕಡೆ ಪಾರಿವಾಳ ಹಾರಿಸುವ ಹುಚ್ಚು ಹೊರಗಿನವರಿಗೆ ಅರ್ಥವಾಗುವುದು ಕಷ್ಟ. ಬೇಸಿಗೆ ಬಂದರೆ ಪಂದ್ಯ. ಬೆಳಗ್ಗೆ ಬಿಟ್ಟ ಹಕ್ಕಿ ಇಳಿಯದೆ, ದೂರವೂ ಹೋಗದೆ, ತನ್ನ ಮನೆಯ ನೆತ್ತಿಯ ಮೇಲೇ ಹಾರುತ್ತಿರಬೇಕು. ಎದುರು ಪಕ್ಷದವನೊಬ್ಬ ತೀರ್ಪುಗಾರನಾಗಿ ಬಂದು ಮಹಡಿಯ ಮೇಲೆ ಕೂರುತ್ತಾನೆ. ಅವನು ಕೇಳಿದಾಗಲೆಲ್ಲ ಹಕ್ಕಿಯ ಒಡೆಯ ಬೆರಳು ಮಾಡಿ ತೋರಿಸಬೇಕು. ತೋರಿಸಲಾಗದಿದ್ದರೆ ಸೋತಂತೆ. ಒಳ್ಳೆಯ ಹಕ್ಕಿ ಏರಿದರೆ ಸಾಸಿವೆ ಕಾಳಿನಷ್ಟೂ ಕಾಣುವುದಿಲ್ಲ, ಒಮ್ಮೆ ಕಣ್ಣು ತೆಗೆದರೆ ಮತ್ತೆ ಸಿಕ್ಕುವುದಿಲ್ಲ. ಹಾಗಾಗಿ ನಮ್ಮವರು ಬೆಳಗಿನಿಂದ ಬೈಗಿನವರೆಗೆ ಚಾಪೆಯ ಮೇಲೆ ಅಂಗಾತ ಮಲಗಿ ಆಕಾಶ ನೋಡುತ್ತಿದ್ದರು. ಊಟ ತಂದರೆ ಬಾಯಿ ಮಾತ್ರ ತೆರೆಯುತ್ತಿತ್ತು. ಹೊಸ ಸೀರೆ ಉಟ್ಟು ಎದುರು ನಿಂತರೆ, "ಸುಧಾ, ಒಸಿ ಅತ್ಲಾಗ್ ನಿಂತ್ಕೊ, ಅಡ್ಡ ಆಯ್ತದೆ" ಎನ್ನುತ್ತಿದ್ದರು.

ಮಣ್ಣಿನ ಗೊಂಬೆಯಾದರೂ ಸವತಿ ಸವತಿಯೇ ಎಂದು ನಮ್ಮಜ್ಜಿ ಹೇಳುತ್ತಿದ್ದಳು. ನನ್ನ ಸವತಿಯರಿಗೆ ರೆಕ್ಕೆ ಇತ್ತು, ಕೆಂಪು ಕಾಲಿತ್ತು, ಹೆಸರಿತ್ತು. ಎಲ್ಲರಿಗಿಂತ ದೊಡ್ಡವಳು ಚಂದ್ರಿ, ಬಿಳಿಯ ಮೈಯಲ್ಲಿ ಕತ್ತಿಗೆ ಮಾತ್ರ ಬೂದಿ ಬಣ್ಣ. ಅವಳನ್ನು ಅಂಗೈಯಲ್ಲಿ ಕೂರಿಸಿಕೊಂಡು ಎದೆಯ ಮೂಳೆ ಸವರಿ, "ಏನವ್ವ, ಯಾಕೆ ಸೊರಗಿದ್ದೀಯ, ಕಾಳು ಸೇರ್ತಾ ಇಲ್ವ?" ಎಂದು ಕೇಳುತ್ತಿದ್ದರು. ಆ ದನಿ ಬೇರೆ. ನನಗೆ ಟೈಫಾಯಿಡ್ ಬಂದು ಎರಡು ವಾರ ಮಲಗಿದಾಗಲೂ ಆ ದನಿ ಕೆಳಗಿಳಿದು ಬರಲಿಲ್ಲ. ಅದಕ್ಕೇ ಮಹಡಿಯ ಮೆಟ್ಟಿಲು ಹತ್ತುವುದನ್ನು ನಾನು ಬಿಟ್ಟುಬಿಟ್ಟೆ. ಗೂಡು ಕೆರೆಯುವುದು, ಗುಡಿಸುವುದು, ಕಾಳು ಹಾಕುವುದು ಎಲ್ಲ ಅವರದೇ. ಗುಡಿಸಿದಾಗ ಮೇಲಿನಿಂದ ಬಿಳಿ ಧೂಳು ಕಿಟಕಿಗೆ ಇಳಿಯುತ್ತಿತ್ತು, ನಾನು ಬೈದುಕೊಂಡು ಕಿಟಕಿ ಮುಚ್ಚುತ್ತಿದ್ದೆ.

ಕೆಲವು ವರ್ಷದ ಹಿಂದೆ, ಮೇ ತಿಂಗಳಿನಲ್ಲಿ, ಅವರಿಗೆ ತಲೆನೋವು ಶುರುವಾಯಿತು. ಮೊದಮೊದಲು ಟವೆಲ್ ಬಿಗಿದುಕೊಂಡು ಓಡಾಡಿದರು. ಆಮೇಲೆ ಬೆಳಗ್ಗೆ ಎದ್ದ ಕೂಡಲೇ ವಾಂತಿ. ಪಾರಿವಾಳದವರ ಬಳಗದಲ್ಲಿ ಇದಕ್ಕೊಂದು ಹೆಸರೇ ಇದೆ, ಆಕಾಶದ ನೋವು. ದಿನವೆಲ್ಲ ಕತ್ತೆತ್ತಿ ಬಿಸಿಲಿಗೆ ಕಣ್ಣು ಕೊಟ್ಟವರಿಗೆ ತಲೆನೋವು, ಕತ್ತು ಬಿಗಿತ ಇದ್ದದ್ದೇ, ಪಂದ್ಯ ಮುಗಿದ ಮೇಲೆ ಹೋಗುತ್ತದೆ ಎಂದು ಎಲ್ಲರೂ ನಂಬುತ್ತಾರೆ. ಪಾರಿವಾಳದ ಗೆಳೆಯ ಜವರ ಶ್ರೀರಂಗಪಟ್ಟಣದ ಗಂಜಾಂನಿಂದ ಬಂದು ಅವರ ಕತ್ತಿಗೆ ಹರಳೆಣ್ಣೆ ತಿಕ್ಕಿದ. ಡಾಕ್ಟರ ಹತ್ತಿರ ಹೋಗೋಣ ಬನ್ನಿ ಎಂದು ನಾನು ಕರೆದೆ, ಗೋಗರೆದೆ, ಜಗಳವಾಡಿದೆ. "ಪಂದ್ಯ ಮುಗೀಲಿ" ಎಂದರು. ತಲೆ ಸಿಡಿದರೂ ಸರಿ, ಚಂದ್ರಿ ಹಾರಬೇಕು.

ಪಂದ್ಯದ ದಿನ ನಾನು ಮಜ್ಜಿಗೆ ತೆಗೆದುಕೊಂಡು ಮೇಲೆ ಹೋದೆ, ಬಂದವರಿಗೆ ಕೊಡಲೇಬೇಕಲ್ಲ. ತೀರ್ಪುಗಾರ ನಾಗಮಂಗಲದ ಕಡೆಯವನು. ಹಕ್ಕಿ ಎಲ್ಲಿ ಎಂದು ಕೇಳಿದ. ನಮ್ಮವರು ಕುಂತಿಬೆಟ್ಟದ ಕಡೆ ಬೆರಳು ಮಾಡಿ, "ಅಗೋ, ಎರಡೂ ಅಲ್ಲೇ ಅವೆ" ಎಂದರು.

"ಎರಡೆಲ್ಲಿ ಬಂದ್ವು? ಬುಟ್ಟಿರೋದು ಒಂದು ತಾನೆ" ಎಂದ ಅವನು.

"ಯಾವ್ದೋ ಬೀದಿ ಅಕ್ಕಿ ಸೇರ್ಕೊಂಡಿರಬೇಕು ಕಣ್ಲಾ" ಎಂದು ಜವರ ಹಣೆಗೆ ಕೈ ಅಡ್ಡ ಹಿಡಿದು ಹುಡುಕಿದ. ಅವನಿಗೂ ಒಂದೇ ಕಂಡಿತು. ಅಲ್ಲಿಗೆ ವಾದ ಹತ್ತಿಕೊಂಡಿತು. ಸುಳ್ಳು ಹೇಳ್ತಾವ್ರೆ ಎಂದು ನಾಗಮಂಗಲದವನು ಎದ್ದು ನಿಂತ. ನಾನು ನಡುವೆ ಹೋಗಿ ನಮ್ಮವರ ಮುಂದೆ ಲೋಟ ಹಿಡಿದೆ. ಅವರು ಕೈ ಚಾಚಿ ಲೋಟದ ಪಕ್ಕದ ಗಾಳಿಯನ್ನು ಹಿಡಿದರು. ಬೆರಳು ಮಡಚಿದವು, ಕೈಯಲ್ಲಿ ಏನೂ ಇರಲಿಲ್ಲ. ಮುಖ ನೋಡಿದೆ, ಬಲಗಣ್ಣು ಮೂಗಿನ ಕಡೆಗೆ ವಾಲಿತ್ತು. ಹಕ್ಕಿ ಎರಡಾಗಿರಲಿಲ್ಲ, ಇವರ ಕಣ್ಣು ಒಂದನ್ನೇ ಎರಡು ಮಾಡುತ್ತಿತ್ತು. ಪಂದ್ಯ ಹಾಳಾಗಿ ಹೋಗಲಿ ಎಂದು ಅಲ್ಲಿಂದಲೇ ಎಬ್ಬಿಸಿಕೊಂಡು ಹೊರಟೆ.

ತಾಲ್ಲೂಕು ಆಸ್ಪತ್ರೆಯ ಡಾಕ್ಟರು ಕಣ್ಣಿನೊಳಕ್ಕೆ ಟಾರ್ಚು ಬಿಟ್ಟು ನೋಡಿದರು. ತಲೆಯೊಳಗೆ ಒತ್ತಡ ಏರಿದೆ, ಕಣ್ಣಿನ ನರ ಊದಿದೆ, ಇವತ್ತೇ ಮೈಸೂರಿಗೆ ಕರೆದುಕೊಂಡು ಹೋಗಿ ಎಂದರು. ಮೈಸೂರಿನಲ್ಲಿ ಸ್ಕ್ಯಾನ್ ಮಾಡಿದರು, ಗಡ್ಡೆ ಕಾಣಲಿಲ್ಲ. ಅಲ್ಲಿದ್ದದ್ದು ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರಮ್ಮ, ಮಾತು ಕಡಿಮೆ. ಬೆನ್ನಿನಿಂದ ನೀರು ತೆಗೆದು ನೋಡಲೇಬೇಕು, ಮಿದುಳಿನ ಪೊರೆಗೆ ಏನು ಹತ್ತಿದೆ ಎಂದು ಆ ನೀರೇ ಹೇಳುತ್ತದೆ ಎಂದರು.

ಅಷ್ಟು ಹೊತ್ತಿಗೆ ಕೆ.ಆರ್. ಪೇಟೆ ಕಡೆಯ ಊರಿನಿಂದ ನಮ್ಮತ್ತೆ, ಭಾವ ಬಂದಿದ್ದರು. ಬೆನ್ನಿಗೆ ಸೂಜಿ ಎಂದ ಕೂಡಲೇ ಅತ್ತೆ ಮಂಚಕ್ಕೆ ಅಡ್ಡ ಕೂತರು.

"ಬ್ಯಾಡ ಕಣವ್ವ. ಬೆನ್ನಿಗೆ ಸೂಜಿ ಆಕಿದ್ರೆ ಕಾಲು ಬಿದ್ದೋಯ್ತವೆ. ನಮ್ಮೂರ್ ಸಿದ್ದಪ್ಪಂಗೆ ಇಂಗೇ ಆಗಿದ್ದು, ಇವತ್ಗೂ ತೆವಳ್ತಾವ್ನೆ."

"ಅವನಿಗೆ ಮೊದಲೇ ಕಾಲು ಬಿದ್ದಿತ್ತಂತೆ ಅತ್ತೆ, ಅದಕ್ಕೇ ಸೂಜಿ ಹಾಕಿದ್ದು" ಎಂದೆ.

"ನೀನು ಓದ್ದೋಳು, ನಿಂಗೆಲ್ಲ ಗೊತ್ತು. ನನ್ ಮಗ ನಂಗೆ ನಡ್ಕಂಡು ಬರ್ಬೇಕು" ಎಂದರು. ಭಾವ ನೆಲ ನೋಡಿಕೊಂಡು, "ಎರಡು ದಿನ ಮಾತ್ರೆ ಕೊಟ್ಟು ನೋಡನ ಬುಡಮ್ಮ" ಎಂದರು. ಅತ್ತೆಯದು ಪ್ರೀತಿಯೇ, ನನಗೆ ಅನುಮಾನವಿಲ್ಲ. ಆದರೆ ಆ ಎರಡು ದಿನಕ್ಕಾಗಿ ನಾನು ಅವರನ್ನು ಇವತ್ತಿಗೂ ಪೂರ್ತಿ ಕ್ಷಮಿಸಿಲ್ಲ. ಮೂರನೆಯ ದಿನ ನಮ್ಮವರು ದೀಪ ಹಾಕಿ ಎಂದರು. ಕಿಟಕಿಯ ತುಂಬ ಹಗಲಿತ್ತು. ನಾನು ಯಾರನ್ನೂ ಕೇಳದೆ ಹೋಗಿ ರುಜು ಹಾಕಿದೆ.

ಸೂಜಿ ಹಾಕಿದಾಗ ನೀರು ಗಾಜಿನ ಕೊಳವೆಯಲ್ಲಿ ಅಳತೆ ಮೀರಿ ಏರಿತಂತೆ. ತೆಗೆದ ಒಂದು ಗಂಟೆಯೊಳಗೆ ಅವರ ಹಣೆಯ ಗಂಟು ಸಡಿಲವಾಯಿತು. ಕಾಲಿಗೆ ಏನೂ ಆಗಲಿಲ್ಲ. ನಾನು ವಿಜ್ಞಾನದ ಮೇಡಂ ಎಂದು ತಿಳಿದು ಡಾಕ್ಟರಮ್ಮ ಲ್ಯಾಬಿಗೆ ಕರೆದುಕೊಂಡು ಹೋಗಿ ಸೂಕ್ಷ್ಮದರ್ಶಕದಲ್ಲಿ ತೋರಿಸಿದರು. ಆ ನೀರಿಗೆ ಕಪ್ಪು ಶಾಯಿ ಬೆರೆಸಿದ್ದರು. ಕಪ್ಪಿನ ನಡುವೆ ಅಲ್ಲಲ್ಲಿ ದುಂಡನೆಯ ಕಣಗಳು, ಒಂದೊಂದರ ಸುತ್ತಲೂ ಬೆಳ್ಳಗಿನ ಬಳೆ. "ಶಿಲೀಂಧ್ರ. ಈಸ್ಟ್ ಜಾತಿಯದು, ಮಿದುಳಿನ ಪೊರೆಯಲ್ಲಿ ಬೆಳೀತಿದೆ" ಎಂದರು. ಎಷ್ಟೋ ವರ್ಷದಿಂದ ಒದ್ದೆ ಬ್ರೆಡ್ಡಿನ ತುಂಡನ್ನು ಡಬ್ಬಿಯಲ್ಲಿಟ್ಟು, ಬೂಷ್ಟು ಹಿಡಿಸಿ, ಮಕ್ಕಳಿಗೆ ತೋರಿಸಿದವಳು ನಾನು. ಅದು ಮನುಷ್ಯನ ತಲೆಯೊಳಗೂ ಹಿಡಿಯುತ್ತದೆ ಎಂದು ನಾನು ಕಲಿಸಿದ ಪುಸ್ತಕದಲ್ಲಿ ಇರಲಿಲ್ಲ.

ಡಾಕ್ಟರಮ್ಮ ಇನ್ನೊಂದು ಮಾತು ಹೇಳಿದರು. "ಗಟ್ಟಿ ಮೈಯವರಿಗೆ ಇದು ಬರೋದು ಅಪರೂಪ. ಎಚ್.ಐ.ವಿ. ಇದ್ದವರಲ್ಲೇ ಹೆಚ್ಚು. ಪರೀಕ್ಷೆ ಮಾಡಿಸಬೇಕು. ನಿಮಗೆ ಗೊತ್ತಿರೋ ಹಾಗೆ ಏನಾದರೂ..."

ಏನಾದರೂ! ರಿಪೋರ್ಟು ಬರುವವರೆಗೆ, ಒಂದಿಡೀ ಮಧ್ಯಾಹ್ನ, ವಾರ್ಡಿನ ಹೊರಗಿನ ಬೆಂಚಿನಲ್ಲಿ ಕೂತು ಇದ್ದಬದ್ದ ಹೆಂಗಸರನ್ನೆಲ್ಲ ನನ್ನ ಮನಸ್ಸಿನ ಕಟಕಟೆಗೆ ಎಳೆದು ತಂದೆ. ಅಂಗಡಿಯ ಎದುರಿನ ಹೂವಿನವಳು. ಮೋಟಾರು ರಿಪೇರಿಗೆ ತಾನೇ ಬರುತ್ತಿದ್ದ ತೋಟದ ಮನೆಯ ವಿಧವೆ. ಮದುವೆಗೆಂದು ಇವರಿಗೆ ಮೊದಲು ನೋಡಿದ್ದ ಸೋದರಮಾವನ ಮಗಳು. ಒಳಗೆ ಗಂಡ ಸಾವಿನ ಅಂಚಿನಲ್ಲಿದ್ದಾನೆ, ಹೊರಗೆ ನಾನು ಸವತಿಯರ ಪಟ್ಟಿ ಮಾಡುತ್ತ ಹಲ್ಲು ಕಡಿಯುತ್ತಿದ್ದೇನೆ. ಬದುಕಿ ಬರಲಿ ದೇವರೇ, ಬಂದ ಮೇಲೆ ನಾನೇ ಕೊಲ್ಲುತ್ತೇನೆ ಎಂದು ಹರಕೆ ಹೊತ್ತವಳು ಜಗತ್ತಿನಲ್ಲಿ ನಾನೊಬ್ಬಳೇ ಇರಬೇಕು.

ಸಂಜೆ ರಿಪೋರ್ಟು ಬಂತು. ಏನೂ ಇರಲಿಲ್ಲ. ಸಮಾಧಾನಕ್ಕೆ ಅಳು ಬಂತು. ಆಗ ಡಾಕ್ಟರಮ್ಮ ಕೇಳಿದರು, "ಮನೇಲಿ ಪಾರಿವಾಳ ಏನಾದ್ರೂ ಸಾಕಿದ್ದೀರಾ?"

ಸಿಕ್ಕಿಬಿದ್ದರಲ್ಲ ಹಾದರಗಿತ್ತಿಯರು ಎಂದುಕೊಂಡೆ. ಗೂಡು, ಹಿಕ್ಕೆ, ಧೂಳು, ಚಂದ್ರಿ, ಒಂದೂ ಬಿಡದೆ ಒದರಿದೆ. ಅವರು ತಾಳ್ಮೆಯಿಂದ ಕೇಳಿಸಿಕೊಂಡರು. ಒಣಗಿದ ಹಿಕ್ಕೆಯ ಧೂಳಿನಲ್ಲಿ ಇದು ಇರುತ್ತದೆ, ಉಸಿರಿನಲ್ಲಿ ಒಳಗೆ ಹೋಗುತ್ತದೆ, ಆದರೆ ಮಣ್ಣಿನಲ್ಲೂ ಮರದಲ್ಲೂ ಇರುತ್ತದೆ ಎಂದರು. "ಊರಿನವರೆಲ್ಲ ಉಸಿರಾಡ್ತಾರೆ. ಇವರೊಬ್ಬರಿಗೇ ಯಾಕೆ ಹತ್ತಿತು ಅಂತ ನಾವು ಹೇಳೋಕಾಗಲ್ಲ. ಖಂಡಿತ ನಿಮ್ಮ ಪಾರಿವಾಳದಿಂದಲೇ ಅಂತಲೂ ಹೇಳಲ್ಲ." ನನಗೆ ನಿರಾಸೆಯಾಯಿತು. ಅದೇ ಧೂಳು ನನ್ನ ಕಿಟಕಿಗೂ ಇಳಿದಿತ್ತು. ನನಗೆ ಬರಲಿಲ್ಲ. ಅವುಗಳು ಕೊಟ್ಟ ಕಾಯಿಲೆಯೂ ಅವರೊಬ್ಬರಿಗೇ ಮೀಸಲು ಎಂದು ಅದಕ್ಕೂ ಉರಿದುಕೊಂಡೆ.

ಆಮೇಲೆ ಔಷಧಿ. ಹಳದಿ ಬಣ್ಣದ್ದು, ಗಂಟೆಗಟ್ಟಲೆ ತೊಟ್ಟುತೊಟ್ಟಾಗಿ ನರಕ್ಕೆ ಇಳಿಸುತ್ತಿದ್ದರು. ಅದು ಒಳಗೆ ಹೋದ ಸ್ವಲ್ಪ ಹೊತ್ತಿಗೆ ಮಂಚ ಅಲ್ಲಾಡುವಂಥ ನಡುಕ, ಹಿಂದೆಯೇ ಜ್ವರ. ಎರಡು ಕಂಬಳಿ ಹೊದಿಸಿ ಮೇಲೆ ನಾನು ಅಪ್ಪಿ ಹಿಡಿಯುತ್ತಿದ್ದೆ. ಮೂತ್ರಪಿಂಡಕ್ಕೆ ಪೆಟ್ಟಾಗದಿರಲೆಂದು ಮೊದಲು ಸಲೈನು, ದಿನವೂ ರಕ್ತಪರೀಕ್ಷೆ. ಮೈಯಲ್ಲಿ ಪೊಟ್ಯಾಷಿಯಂ ಇಳಿದು ಕೈಕಾಲು ಸೋಲುತ್ತಿತ್ತು. ಎಳನೀರು ಕೊಡಿ ಎಂದರೆ ಭಾವ ಊರಿನಿಂದ ಗೊನೆಗೊನೆ ತಂದು ಹಾಕಿದರು, ಪಕ್ಕದ ಮಂಚದವರೆಲ್ಲ ಕುಡಿದರು. ತಲೆಯ ಒತ್ತಡ ಏರಿದಾಗಲೆಲ್ಲ ಬೆನ್ನಿನ ನೀರು ತೆಗೆಯುತ್ತಿದ್ದರು. ಈಗ ಅತ್ತೆಯೇ, "ಇವತ್ತು ನೀರ್ ತಗೀಲಿಲ್ವ ಡಾಕ್ಟ್ರಮ್ಮ?" ಎಂದು ಕೇಳುತ್ತಿದ್ದರು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ.

ಆ ದಿನಗಳಲ್ಲಿ ನಮ್ಮವರಿಗೆ ನೆನಪು ಕಲಸಿಹೋಗಿತ್ತು. ನನ್ನನ್ನು ನರ್ಸಮ್ಮ ಎನ್ನುತ್ತಿದ್ದರು. ಜವರ ಬಂದರೆ ಮಾತ್ರ ಗುರುತು ಹತ್ತುತ್ತಿತ್ತು, "ಚಂದ್ರಿ ಇಳಿದ್ಲೇನ್ಲಾ?" ಎಂದು ಕೇಳುತ್ತಿದ್ದರು. ಒಂದು ಸಲ ನಡುಕ ನಿಂತ ಮೇಲೆ ನನ್ನ ಮಣಿಕಟ್ಟು ಹಿಡಿದು, ಮೂಳೆಯ ಮೇಲೆ ಹೆಬ್ಬೆರಳಾಡಿಸಿ, "ಏನವ್ವ, ಸೊರಗೋಗಿದ್ದೀಯಲ್ಲ, ಕಾಳು ಸೇರ್ತಾ ಇಲ್ವ?" ಎಂದರು. ಅದೇ ದನಿ. ಆ ದನಿಗಾಗಿ ಎಷ್ಟು ವರ್ಷ ಕಾದಿದ್ದೆ, ಈಗ ನನ್ನ ಕೈ ಹಿಡಿದು ಬಂದಿದೆ, ಆದರೆ ಮಾತಾಡಿಸಿದ್ದು ನನ್ನನ್ನಲ್ಲ. ಕೈ ಎಳೆದುಕೊಳ್ಳಬೇಕೆನ್ನಿಸಿತು. ಎಳೆದುಕೊಳ್ಳಲಿಲ್ಲ. "ಸೇರ್ತದೆ" ಎಂದೆ. ಇನ್ನಷ್ಟು ಹೊತ್ತು ಸವರಲಿ ಎಂದು ಸುಮ್ಮನೆ ಕೂತೆ.

ಪಾರಿವಾಳಗಳನ್ನು ಕಳಿಸಿದ್ದು ಆಗಲೇ. ಡಾಕ್ಟರಮ್ಮ ಇನ್ನು ಅವು ಮನೆಯಲ್ಲಿರುವುದು ಬೇಡ ಎಂದಿದ್ದರು. ಜವರ ಬಿದಿರಿನ ಬುಟ್ಟಿ ತಂದ. ನಾನು ಮೂಗಿಗೆ ಬಟ್ಟೆ ಕಟ್ಟಿಕೊಂಡು, ಧೂಳು ಏಳದಂತೆ ಮೊದಲು ನೀರು ಚಿಮುಕಿಸಿ, ಎಷ್ಟೋ ದಿನದ ಮೇಲೆ ಆ ಗೂಡಿನ ಮುಂದೆ ನಿಂತೆ. ಗೆದ್ದೆ ಎಂದು ಹೇಳಿಕೊಳ್ಳಲು ಬಂದಿದ್ದೆ. ಚಂದ್ರಿ ತಲೆ ಓರೆ ಮಾಡಿ ನನ್ನ ಹಿಂದೆ ಮೆಟ್ಟಿಲಿನ ಕಡೆ ನೋಡುತ್ತಿದ್ದಳು, ಇನ್ನೊಬ್ಬರು ಬರಬೇಕು ಎನ್ನುವಂತೆ.

"ಇವುನ್ನ ನಾನು ಆರ್‍ಸಕ್ಕಾಗಲ್ಲ ಮೇಡಮ್ಮೋರೆ" ಎಂದ ಜವರ. "ಬುಟ್ರೆ ಸೀದಾ ಇಲ್ಗೇ ಬಂದು ಕೂರ್ತವೆ. ಕೂಡಾಕಿ ಮರಿ ಮಾಡಿಸ್ತೀನಿ. ನಮ್ಮನೇಲಿ ಉಟ್ಟಿದ್ದು ನಮ್ಮನೆ ಮ್ಯಾಲೆ ಆರ್‍ತದೆ." ಈ ಸುದ್ದಿಯನ್ನು ನಮ್ಮವರಿಗೆ ತಲೆ ತಿಳಿಯಾದ ಮೇಲೆ ಹೇಳಿದೆ. ಬೈಯುತ್ತಾರೆ, ಅಳುತ್ತಾರೆ ಎಂದು ಎದೆ ಗಟ್ಟಿ ಮಾಡಿಕೊಂಡಿದ್ದೆ. "ನೀರು ಕುಡಿಸಿ ಕಳಿಸ್ದ್ಯಾ?" ಎಂದಷ್ಟೇ ಕೇಳಿದರು.

ತಲೆ ತಿಳಿಯಾಯಿತು, ಕಣ್ಣು ಆಗಲಿಲ್ಲ. ಒತ್ತಡ ಏರಿದ ದಿನಗಳಲ್ಲಿ ನರ ನಲುಗಿಹೋಗಿತ್ತು. ಹೋದದ್ದು ಬರುವುದಿಲ್ಲ, ಉಳಿದದ್ದು ಉಳಿಯುತ್ತದೆ ಎಂದರು ಡಾಕ್ಟರಮ್ಮ. ಉಳಿದದ್ದು ಬೆಳಕು, ನೆರಳು, ಎದುರು ನಿಂತವರ ಆಕಾರ. ತಿಂಗಳುಗಟ್ಟಲೆ ನುಂಗಬೇಕಾದ ಮಾತ್ರೆಯೊಂದಿಗೆ ಮನೆಗೆ ಕಳಿಸಿದಾಗ ಕನ್ನಂಬಾಡಿ ಕಟ್ಟೆ ತುಂಬಿ, ಶ್ರೀರಂಗಪಟ್ಟಣದ ಸೇತುವೆಯ ಕೆಳಗೆ ಹೊಳೆ ಕೆಂಪಗೆ ಉಕ್ಕುತ್ತಿತ್ತು. ಬಸ್ಸಿನವರೆಲ್ಲ ಕಿಟಕಿಗೆ ಬಾಗಿದರು. ಇವರು ಸದ್ದು ಕೇಳಿಸಿಕೊಂಡು, "ಒಳ್ಳೆ ನೀರು ಬಂದದೆ" ಎಂದರು. ಅಂಗಡಿಯನ್ನು ಶಿಷ್ಯನೊಬ್ಬ ನಡೆಸಿದ, ಇವರು ಪಕ್ಕದಲ್ಲಿ ಕೂತು ಸುತ್ತಿದ ತಂತಿಯನ್ನು ಬೆರಳಿನಿಂದ ಮುಟ್ಟಿ ನೋಡುತ್ತಿದ್ದರು. ಮನೆಯಲ್ಲಿ ಮಾತ್ರ ಮಾತಿಲ್ಲ. ಪಾರಿವಾಳ ಎಂಬ ಪದ ಅವರ ಬಾಯಿಂದ ಬರಲಿಲ್ಲ. ಬಾರದ ಆ ಪದದ ಮೇಲೂ ನನಗೆ ಮತ್ಸರವೇ. ಮಹಡಿ ಖಾಲಿಯಾಗಿದೆ, ಗಂಡ ನನ್ನೆದುರೇ ಕೂತಿದ್ದಾನೆ, ಆದರೂ ಮನಸ್ಸಿನ ಗೂಡಿನಲ್ಲಿ ಅವಳನ್ನೇ ಕೂರಿಸಿಕೊಂಡಿದ್ದಾನೆ ಎಂದು.

ದಸರಾ ಕಳೆದ ಮೇಲೆ ಜವರ ಬಂದ. "ಚಂದ್ರಿ ಮರಿ ರೆಕ್ಕೆ ಬಲಿತೈತೆ ಮೇಡಮ್ಮೋರೆ. ನಾಳೆ ಮೊದಲ್ನೆ ಸಲ ಬುಡ್ತೀನಿ. ಅಣ್ಣುನ್ನ ಕರ್ಕಂಡ್ ಬನ್ನಿ." ಹಠಮಾಡಿ ಬೇಡವೆನ್ನಬಹುದಿತ್ತು. ಇವರು ಕುರ್ಚಿಯ ಹಿಡಿಯನ್ನು ಬಿಗಿಯಾಗಿ ಹಿಡಿದದ್ದು ಕಂಡಿತು. ಗೂಡಿನ ಹತ್ತಿರ ಮಾತ್ರ ಬರುವುದಿಲ್ಲ ಎಂದೆ. ಹಾಗಾಗಿ ಬೆಳಗ್ಗೆ ಗಂಜಾಂನಲ್ಲಿ ಜವರನ ಮನೆಯಿಂದ ಒಂದು ಗದ್ದೆ ಆಚೆ, ನಾಲೆ ಏರಿಯ ಮೇಲೆ ಚಾಪೆ ಹಾಸಿ ಕೂರಿಸಿದೆ. ಎದುರಿಗೆ ಕರಿಘಟ್ಟ, ತಿಳಿ ಆಕಾಶ. ಜವರನ ಹೆಂಡತಿ ಮಹಡಿಯಿಂದ ಹಕ್ಕಿ ಬಿಟ್ಟಳು. ಜವರ ನಮ್ಮ ಜೊತೆ ಬಂದು ನಿಂತ.

"ಎಲ್ಲೈತ್ಲಾ?" ಎಂದರು ನಮ್ಮವರು. ಜವರ ಬಾಯಿ ತೆರೆಯುವಷ್ಟರಲ್ಲಿ, "ನೀನು ಬ್ಯಾಡ. ಸುಧಾ, ನೀನೇಳು" ಎಂದರು.

"ಅಲ್ಲೇ ಇದೆ, ಬಿಳೀದು."

"ಬಿಳೀದು ಅಂದ್ರೆ ಏನ್ ಗೊತ್ತಾದದು? ಕತ್ತು ಎಂಗದೆ?"

"ಬೂದಿ ಬಣ್ಣ. ಅಮ್ಮನ ಹಾಗೇ."

"ಯಾವ್ ಕಡಿಂದ ಸುತ್ತು ಆಕ್ತಾ ಅದೆ?"

"ಬೆಟ್ಟದ ಕಡೆಯಿಂದ. ಏರ್ತಾ ಇದೆ. ರೆಕ್ಕೆ ಪಟಪಟ ಬಡಿಯುತ್ತೆ, ಆಮೇಲೆ ಹಾಗೇ ನಿಲ್ಲಿಸುತ್ತೆ, ಜಾರುತ್ತೆ. ಈಗ ಬಿಸಿಲು ತಾಗಿ ಮಿನುಗಿತು. ಚಿಕ್ಕದಾಯ್ತು. ಇನ್ನೂ ಚಿಕ್ಕದಾಯ್ತು."

"ಏಳ್ತಾ ಇರು, ಕಣ್ ತಗೀಬ್ಯಾಡ" ಎಂದರು. ದನಿ ತೀರ ಹತ್ತಿರದಿಂದ ಬಂತು. ನಾನು ಹೇಳುತ್ತಲೇ ಹೋದೆ. ಮೋಡದ ಅಂಚಿಗೆ ಹೋಯಿತು, ಬಂತು, ಮತ್ತೆ ಹೋಯಿತು. ಕತ್ತು ನೋಯುತ್ತಿತ್ತು, ಕಣ್ಣಲ್ಲಿ ನೀರು ಬರುತ್ತಿತ್ತು, ರೆಪ್ಪೆ ಬಡಿಯಲು ಹೆದರಿಕೆ. ಇಷ್ಟು ಚೆಂದವಿದ್ದೀಯೇನೇ ಎಂದು ಮನಸ್ಸಿನಲ್ಲೇ ಅದನ್ನು ಬೈದೆ.

ಪಕ್ಕದಲ್ಲಿದ್ದ ಜವರ ಮೆಲ್ಲಗೆ ನನ್ನ ಮೊಣಕೈ ಮುಟ್ಟಿದ. "ಮೇಡಮ್ಮೋರೆ, ಒಸಿ ಇತ್ಲಾಗ್ ನೋಡಿ. ಅಣ್ಣ ಮ್ಯಾಕೆ ನೋಡ್ತಿಲ್ಲ. ಆಗ್ಲಿಂದ ನಿಮ್ ಮಕಾನೇ ನೋಡ್ತಾವ್ರೆ."

ಮದುವೆಯಾದಂದಿನಿಂದ ಹಕ್ಕಿ ಆಕಾಶದಲ್ಲಿರುವಾಗ ಅವರ ಮುಖ ನನ್ನ ಕಡೆ ತಿರುಗಿದ್ದು ಅದೇ ಮೊದಲು. ನಾನು ನೋಡಲಿಲ್ಲ. ಕಣ್ಣು ತೆಗೆದರೆ ಹಕ್ಕಿ ಕಳೆದುಹೋಗುತ್ತಿತ್ತು.